ಅಗ್ರಿಮೆಂಟಿನ ಕೊನೆಯ ಪ್ಯಾರಾ

ನಮ್ಮ ಸಂಘದ ಇಬ್ಬರು ಸೀನಿಯರ್‌ಗಳು ಒಂದು ಕಂಪನಿಗೆ ಆ್ಯಪ್ ಮಾಡಿಕೊಟ್ಟಿದ್ದರು. ಕೆಲಸ ಮುಗೀತು, ಆದರೆ 40,000 ರೂಪಾಯಿ ಬಾಕಿ ಉಳೀತು. ಫೋನ್ ಮಾಡಿ ಕೇಳಿದ್ರೆ "ಅಗ್ರಿಮೆಂಟ್‌ನ ಕೊನೆಯ ಪುಟ ಓದಿ" ಅನ್ನೋ ಉತ್ತರ. ಅಲ್ಲಿದ್ದದ್ದು ಇಷ್ಟೇ: ತಕರಾರು ಬಂದರೆ ಆರ್ಬಿಟ್ರೇಷನ್, ಆರ್ಬಿಟ್ರೇಟರ್ ಯಾರು ಅಂತ ಕಂಪನಿಯ ಎಂ.ಡಿ. ಹೇಳ್ತಾರೆ, ಸ್ಥಳ ದೆಹಲಿ. ಹೋಗಿಬರೋ ಖರ್ಚು, ಫೀಸು ಎಲ್ಲ ಲೆಕ್ಕ ಹಾಕಿ ಇಬ್ಬರೂ ಕೈಚೆಲ್ಲಿದರು. ಸೈನ್ ಮಾಡುವಾಗ ಆ ಪ್ಯಾರಾ ಓದಿರಲಿಲ್ಲ. ನಿಜ ಹೇಳಬೇಕಂದ್ರೆ ನಾವೂ ಓದುತ್ತಿರಲಿಲ್ಲ. ಹಾಗಾಗಿ ಒಂದಷ್ಟು ಜನ ಕೂತು ಇದೇನು ಅಂತ ನೋಡಿದ್ವಿ.

ಆರ್ಬಿಟ್ರೇಷನ್ ಅಂದ್ರೆ ಜಗಳವನ್ನು ಕೋರ್ಟಿನ ಬದಲು ಇಬ್ಬರೂ ಒಪ್ಪಿದ ವ್ಯಕ್ತಿಯ ಮುಂದೆ ಇಡೋದು. ಕನ್ನಡದಲ್ಲಿ ಇದಕ್ಕೂ ಮಧ್ಯಸ್ಥಿಕೆ ಅಂತಾರೆ, ರಾಜಿ ಮಾಡಿಸುವ ಮೀಡಿಯೇಷನ್‌ಗೂ ಮಧ್ಯಸ್ಥಿಕೆ ಅಂತಾರೆ. ಗೊಂದಲ ಬೇಡ ಅಂತ ನಾವು ಇಂಗ್ಲಿಷ್ ಪದವನ್ನೇ ಇಟ್ಟುಕೊಂಡಿದ್ದೇವೆ. ರಾಜಿ ಇಷ್ಟ ಆಗದಿದ್ದರೆ ಎದ್ದು ಬರಬಹುದು. ಆರ್ಬಿಟ್ರೇಟರ್ ಕೊಟ್ಟ ತೀರ್ಪನ್ನು, ಅಂದ್ರೆ ಅವಾರ್ಡನ್ನು, ಹಾಗೆ ಬಿಟ್ಟು ಬರೋಕಾಗಲ್ಲ. 1996ರ ಕಾಯ್ದೆಯ ಪ್ರಕಾರ ಅದಕ್ಕೆ ಕೋರ್ಟ್ ಡಿಕ್ರಿಯಷ್ಟೇ ಬಲ. 34ನೇ ಸೆಕ್ಷನ್ ಅಡಿ ಅದನ್ನು ರದ್ದು ಮಾಡಿ ಅಂತ ಕೋರ್ಟಿಗೆ ಹೋಗಬಹುದು, ಆದರೆ ಕಾರಣಗಳು ಕೆಲವೇ. ಕೋರ್ಟ್ ಇಡೀ ಕೇಸನ್ನು ಮತ್ತೆ ಮೊದಲಿಂದ ಕೇಳೋದಿಲ್ಲ.

ಆ ಕೊನೆಯ ಪ್ಯಾರಾ ಎಷ್ಟು ದುಬಾರಿ ಆಗಬಹುದು ಅನ್ನೋದಕ್ಕೆ ನಮ್ಮ ಬೆಂಗಳೂರಿನದೇ ಉದಾಹರಣೆ ಇದೆ. ಇಸ್ರೋದ ವಾಣಿಜ್ಯ ಸಂಸ್ಥೆ ಆಂಟ್ರಿಕ್ಸ್ ಮತ್ತು ದೇವಾಸ್ ಮಲ್ಟಿಮೀಡಿಯಾ 2005ರ ಜನವರಿಯಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಎರಡು ಉಪಗ್ರಹಗಳ ಎಸ್-ಬ್ಯಾಂಡ್ ಟ್ರಾನ್ಸ್‌ಪಾಂಡರ್‌ಗಳನ್ನು ದೇವಾಸ್‌ಗೆ ಲೀಸ್‌ಗೆ ಕೊಡೋದು ಅಂತ. 2011ರ ಫೆಬ್ರುವರಿಯಲ್ಲಿ ಸರ್ಕಾರದ ತೀರ್ಮಾನದ ಮೇಲೆ ಒಪ್ಪಂದ ರದ್ದಾಯಿತು. ಶುರುವಾಯ್ತು ನೋಡಿ.

ಮೊದಲ ಜಗಳ ಒಂದು 'ಅಥವಾ' ಮೇಲೆ! ವಿಚಾರಣೆ ಐಸಿಸಿ ಅಥವಾ ಅನ್‌ಸಿಟ್ರಾಲ್ ನಿಯಮದಂತೆ ನಡೆಯಬೇಕು ಅಂತ ಬರೆದಿತ್ತು. (ಇದು ಕ್ರಿಕೆಟ್ ಐಸಿಸಿ ಅಲ್ಲ, ಪ್ಯಾರಿಸ್‌ನ ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಕಾಮರ್ಸ್. ಅನ್‌ಸಿಟ್ರಾಲ್ ವಿಶ್ವಸಂಸ್ಥೆಯ ವಾಣಿಜ್ಯ ಕಾನೂನು ಆಯೋಗ.) ದೇವಾಸ್ ಐಸಿಸಿಗೆ ಹೋಯಿತು, ಆಂಟ್ರಿಕ್ಸ್ ಒಪ್ಪಲಿಲ್ಲ. ಲಾಜಿಕ್ ಡಿಸೈನ್ ಲ್ಯಾಬಿನಲ್ಲಿ ಓಆರ್ ಗೇಟ್ ಯಾರಿಗೂ ತೊಂದರೆ ಕೊಟ್ಟಿಲ್ಲ. ಇಲ್ಲಿ ಅದು ಸುಪ್ರೀಂ ಕೋರ್ಟ್ ತನಕ ಹೋಗಿ 2013ರಲ್ಲಿ ಆಂಟ್ರಿಕ್ಸ್ ಸೋತಿತು. 2015ರ ಸೆಪ್ಟೆಂಬರ್‌ನಲ್ಲಿ ಐಸಿಸಿ ಅವಾರ್ಡ್ ಬಂತು: ಆಂಟ್ರಿಕ್ಸ್ 56.25 ಕೋಟಿ ಡಾಲರ್ ಕೊಡಬೇಕು, ಮೇಲೆ ಬಡ್ಡಿ.

ಪ್ಯಾರಿಸ್ ಸಂಸ್ಥೆ, ಡಾಲರ್ ಲೆಕ್ಕ ಅಂದಮೇಲೆ ಇದು ಅಂತರರಾಷ್ಟ್ರೀಯ ಕೇಸು ಅಂತ ನಾವು ಅಂದುಕೊಂಡಿದ್ವಿ. ಅಲ್ಲ. ನಮ್ಮ ಕಾಯ್ದೆ ನೋಡೋದು ಕಕ್ಷಿದಾರರನ್ನು: ಕನಿಷ್ಠ ಒಬ್ಬರಾದರೂ ವಿದೇಶಿ ಆಗಿರಬೇಕು. ಇವೆರಡೂ ಭಾರತದ ಕಂಪನಿಗಳು. ಇನ್ನೊಂದು ವಿಷಯ 'ಸೀಟ್', ಅಂದ್ರೆ ಆರ್ಬಿಟ್ರೇಷನ್‌ನ ಕಾನೂನುಬದ್ಧ ನೆಲೆ. ವಿಚಾರಣೆ ಯಾವ ಹೋಟೆಲ್ ರೂಮಿನಲ್ಲಾದರೂ ನಡೆಯಲಿ, ಅವಾರ್ಡ್ ರದ್ದು ಮಾಡುವ ಅಧಿಕಾರ ಸೀಟ್ ಇರುವ ಜಾಗದ ಕೋರ್ಟಿಗೆ. ಇಲ್ಲಿ ಸೀಟ್ ನವದೆಹಲಿ. ದೇವಾಸ್ ವಂಚನೆಗಾಗಿಯೇ ಹುಟ್ಟಿದ ಕಂಪನಿ ಅಂತ 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಅವಾರ್ಡನ್ನೇ ರದ್ದು ಮಾಡಿತು. ಅದು ಕೊಟ್ಟ ಕಾರಣಗಳಲ್ಲಿ ಒಂದು, ಅವಾರ್ಡಿನಲ್ಲಿ ಮೇಲ್ನೋಟಕ್ಕೇ ಕಾಣುವ ಕಾನೂನುಬಾಹಿರ ತಪ್ಪು. ಈ ಕಾರಣ ದೇಶೀಯ ಅವಾರ್ಡ್‌ಗಳಿಗೆ ಮಾತ್ರ ಅನ್ವಯ. ಕಕ್ಷಿಗಳಲ್ಲಿ ಒಬ್ಬರು ವಿದೇಶಿ ಆಗಿದ್ದರೆ ಅದನ್ನು ಎತ್ತುವ ಹಾಗೇ ಇರಲಿಲ್ಲ.

ಅಲ್ಲಿಗೆ ಮುಗೀತಾ? ಇಲ್ಲ. 1958ರ ನ್ಯೂಯಾರ್ಕ್ ಒಪ್ಪಂದಕ್ಕೆ 170ಕ್ಕೂ ಹೆಚ್ಚು ದೇಶಗಳು ಸೇರಿವೆ. ಒಂದು ದೇಶದ ಅವಾರ್ಡ್ ಹಿಡಿದುಕೊಂಡು ಇನ್ನೊಂದು ದೇಶದಲ್ಲಿರುವ ಆಸ್ತಿಯಿಂದ ವಸೂಲಿ ಮಾಡಬಹುದು. ಕೋರ್ಟ್ ತೀರ್ಪಿಗೆ ಇಷ್ಟು ಸಲೀಸಾಗಿ ಗಡಿ ದಾಟೋಕಾಗಲ್ಲ. ವಿದೇಶಿ ವ್ಯವಹಾರದಲ್ಲಿ ಎಲ್ಲರೂ ಆರ್ಬಿಟ್ರೇಷನ್‌ಗೆ ಮುಗಿಬೀಳೋದು ಇದಕ್ಕೇ. ದೇವಾಸ್ ಕಡೆಯವರು ಅಮೆರಿಕಕ್ಕೆ ಹೋದರು. 2025ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಆಂಟ್ರಿಕ್ಸ್‌ಗೆ ಅಮೆರಿಕದ ಜೊತೆ ಹೆಚ್ಚು ನಂಟಿಲ್ಲ ಅನ್ನೋ ಕಾರಣಕ್ಕೆ ಕೇಸನ್ನು ತಳ್ಳಿಹಾಕುವಂತಿಲ್ಲ ಎಂದು ಕೆಳಗಿನ ಕೋರ್ಟಿಗೆ ವಾಪಸ್ ಕಳಿಸಿತು. ದೇವಾಸ್‌ನ ಮಾರಿಷಸ್ ಮತ್ತು ಜರ್ಮನಿಯ ಹೂಡಿಕೆದಾರರದ್ದು ಬೇರೆಯೇ ದಾರಿ: ದೇಶದೇಶಗಳ ನಡುವಿನ ಹೂಡಿಕೆ ಒಪ್ಪಂದ ಹಿಡಿದು ನೇರವಾಗಿ ಭಾರತ ಸರ್ಕಾರದ ಮೇಲೆ ಕೇಸು, ಸೀಟ್ ಹೇಗ್ ಮತ್ತು ಜಿನೀವಾ. ಎರಡರಲ್ಲೂ ಅವಾರ್ಡ್ ಭಾರತದ ವಿರುದ್ಧ ಬಂತು.

'ಬೇಗ ಮುಗಿಯುತ್ತೆ' ಅಂತ ಆರ್ಬಿಟ್ರೇಷನ್ ಹೊಗಳುವವರು ಈ ಕೇಸನ್ನು ಒಮ್ಮೆ ನೋಡಲಿ. ದೇಶೀಯ ಕೇಸುಗಳಲ್ಲಿ ಎರಡೂ ಕಡೆಯ ಹೇಳಿಕೆಗಳು ಸಲ್ಲಿಕೆಯಾದ 12 ತಿಂಗಳಲ್ಲಿ ಅವಾರ್ಡ್ ಬರಬೇಕು ಅಂತ ಈಗ ಕಾಯ್ದೆಯಲ್ಲಿದೆ. ಆದರೆ ನಿಜವಾದ ಓಡಾಟ ಅವಾರ್ಡ್ ಬಂದ ಮೇಲೆ ಶುರುವಾಗುತ್ತೆ.

ಈಗ ನಮ್ಮ ಸೀನಿಯರ್‌ಗಳ ವಿಷಯ. ಅವರ ಅಗ್ರಿಮೆಂಟ್‌ನಲ್ಲಿದ್ದ 'ಎಂ.ಡಿ. ನೇಮಿಸ್ತಾರೆ' ಅನ್ನೋದು ನಿಲ್ಲುವ ಮಾತೇ ಅಲ್ಲ. ಫಲಿತಾಂಶದಲ್ಲಿ ಲಾಭ ಇರುವವರು ಒಬ್ಬರೇ ಕೂತು ಏಕೈಕ ಆರ್ಬಿಟ್ರೇಟರ್ ಅನ್ನು ಆರಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ನಿಷ್ಪಕ್ಷಪಾತಿಯೊಬ್ಬರನ್ನು ನೇಮಿಸಿ ಅಂತ ಹೈಕೋರ್ಟನ್ನು ಕೇಳಬಹುದಿತ್ತು. ಸ್ಥಳ ದೆಹಲಿ ಅಂತ ಒಪ್ಪಿದ್ದರಿಂದ ಅದಕ್ಕೂ ದೆಹಲಿಗೇ ಹೋಗಬೇಕಿತ್ತು ಅನ್ನೋದು ಬೇರೆ ಮಾತು. ಸೈನ್ ಮಾಡುವ ಮುಂಚೆ 'ದೆಹಲಿ' ಹೊಡೆದುಹಾಕಿ 'ಬೆಂಗಳೂರು' ಅಂತ ಮಾಡಿ ಎಂದು ಒಂದು ಮೇಲ್ ಕಳಿಸಿದ್ದರೆ ಆ ಕಂಪನಿ ಒಪ್ಪುತ್ತಿತ್ತೋ ಏನೋ. ಈ ವರ್ಷ ಒಬ್ಬ ಸೀನಿಯರ್ ಹೊಸ ಕ್ಲೈಂಟ್‌ಗೆ ಅಂಥದ್ದೇ ಮೇಲ್ ಕಳಿಸಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.