ಕಂತು ತಿಂಗಳಿಗೆ, ಫಸಲು ವರ್ಷಕ್ಕೆ

ಪೇಟೆಯ ಗೃಹಸಾಲ ಬೆನ್ನಿಗಿಟ್ಟುಕೊಂಡು ಹಳ್ಳಿಗೆ ಮರಳುವವರ ಲೆಕ್ಕ ಎಲ್ಲಿ ತಪ್ಪುತ್ತದೆ, ಎಲ್ಲಿ ಕೂಡುತ್ತದೆ?

ಬ್ಯಾಂಕಿನ ಕಂತಿಗೆ ಮಳೆಗಾಲ, ಬೇಸಿಗೆ ಎಂಬ ಭೇದವಿಲ್ಲ. ನಿಗದಿಯಾದ ತಾರೀಕು ಬಂತೆಂದರೆ ಖಾತೆಯಿಂದ ದುಡ್ಡು ಹೋಗಲೇಬೇಕು. ಶಿರಸಿ, ಸಾಗರ, ತೀರ್ಥಹಳ್ಳಿ ಕಡೆಯ ಅಡಿಕೆ ತೋಟಕ್ಕೆ ಈ ತಾರೀಕು ಗೊತ್ತಿಲ್ಲ. ಅಲ್ಲಿ ಮಳೆಗಾಲವೆಂದರೆ ದುಡ್ಡು ಹೊರಗೆ ಹೋಗುವ ಕಾಲ. ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಸಬೇಕು, ಅದಕ್ಕೆ ಮರ ಹತ್ತುವ ಕೊನೆಗೌಡನನ್ನು ಹೊಂದಿಸಬೇಕು, ಕುಸಿದ ಧರೆ ಸರಿಮಾಡಿಸಬೇಕು. ದುಡ್ಡು ಒಳಗೆ ಬರುವುದು ಕೊಯ್ಲು ಮುಗಿದು, ಸುಲಿದು, ಒಣಗಿಸಿ, ಸೊಸೈಟಿಗೆ ಹಾಕಿದ ಮೇಲೆ.

2020ರ ಕೊರೊನಾ ಕಾಲದಲ್ಲಿ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದವರಲ್ಲಿ ಹಲವರು ಕಚೇರಿ ಕರೆದಾಗ ವಾಪಸಾದರು. ಕೆಲವರು ಉಳಿದರು. ವಾಪಸು ಹೋದವರಲ್ಲೂ ಊರಿನ ಆಸೆ ಉಳಿದೇ ಇದೆ. ಇವರೆಲ್ಲರ ಮುಂದಿರುವ ಪ್ರಶ್ನೆ ಒಂದೇ. ಬೆಂಗಳೂರಿನ ಫ್ಲ್ಯಾಟಿನ ಸಾಲ ತೀರಿಸಿಕೊಂಡು ಊರಿಗೆ ಬರುವುದೋ, ಊರಿಗೆ ಬಂದು ಸರಳವಾಗಿ ಬದುಕುತ್ತ ಸಾಲ ತೀರಿಸುವುದೋ? ಎರಡಕ್ಕೂ ದಾರಿ ಇದೆ. ಆದರೆ ತಿಂಗಳ ಕಂತನ್ನೂ ವರ್ಷದ ಫಸಲನ್ನೂ ಹೊಂದಿಸಿಕೊಳ್ಳದಿದ್ದರೆ ಸರಳ ಬದುಕೂ ಉಳಿಯುವುದಿಲ್ಲ, ಸಾಲವೂ ಬೇಗ ತೀರುವುದಿಲ್ಲ.

ಕಟ್ಟಿದ್ದು 31 ಲಕ್ಷ, ಇಳಿದದ್ದು 9 ಲಕ್ಷ

ಒಂದು ಮಾದರಿ ಲೆಕ್ಕ ಹಾಕೋಣ. 30 ಲಕ್ಷ ರೂಪಾಯಿ ಸಾಲ, ಶೇ 8.5 ಬಡ್ಡಿ, 20 ವರ್ಷದ ಅವಧಿ. ತಿಂಗಳ ಕಂತು ಸುಮಾರು ₹26,035. ಮೊದಲ ತಿಂಗಳ ಕಂತಿನಲ್ಲಿ ₹21,250 ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸಲ್ಲುವುದು ಐದು ಸಾವಿರವೂ ಇಲ್ಲ. ಒಂದು ತಿಂಗಳೂ ತಪ್ಪದೆ ಹತ್ತು ವರ್ಷ ಕಟ್ಟಿದರೆ ಕಟ್ಟಿದ ಮೊತ್ತ 31 ಲಕ್ಷ ದಾಟುತ್ತದೆ. ಆಗಲೂ ಬಾಕಿ 21 ಲಕ್ಷದಷ್ಟು ಉಳಿದಿರುತ್ತದೆ. ಕಂತಿನಲ್ಲಿ ಬಡ್ಡಿಗಿಂತ ಅಸಲಿನ ಪಾಲು ಹೆಚ್ಚಾಗುವುದು ಹನ್ನೆರಡನೇ ವರ್ಷ ಮುಗಿಯುವ ಹೊತ್ತಿಗೆ.

ಮೊದಲ ವರ್ಷಗಳಲ್ಲಿ ಹೆಚ್ಚುವರಿಯಾಗಿ ಕಟ್ಟಿದ ಹಣಕ್ಕೆ ಬಲ ಹೆಚ್ಚು ಎನ್ನುವುದು ಇದೇ ಕಾರಣಕ್ಕೆ. ಇದೇ ಸಾಲಕ್ಕೆ ಹೊಸತರಲ್ಲೇ ಒಂದು ಲಕ್ಷ ಕಟ್ಟಿದರೆ ಕೊನೆಯ ಹತ್ತೊಂಬತ್ತು ಕಂತುಗಳು ತಪ್ಪುತ್ತವೆ. ಅದೇ ಒಂದು ಲಕ್ಷವನ್ನು ಹತ್ತು ವರ್ಷ ಬಿಟ್ಟು ಕಟ್ಟಿದರೆ ತಪ್ಪುವುದು ಎಂಟು ಕಂತು. ತಿಂಗಳಿಗೆ ಹತ್ತು ಸಾವಿರ ಹೆಚ್ಚು ಕಟ್ಟುತ್ತ ಬಂದರೆ ಇಪ್ಪತ್ತು ವರ್ಷದ ಸಾಲ ಹತ್ತೂವರೆ ವರ್ಷಕ್ಕೆ ಮುಗಿದು, ಸುಮಾರು 17 ಲಕ್ಷ ರೂಪಾಯಿ ಬಡ್ಡಿ ಉಳಿಯುತ್ತದೆ.

ಹಾಗಾಗಿ ಪೇಟೆಯ ಸಂಬಳ ಇರುವಾಗಲೇ ಹಳ್ಳಿಯ ಅಳತೆಯಲ್ಲಿ ಬದುಕುವುದು ಸಾಲ ತೀರಿಸುವ ಅತ್ಯಂತ ಬಿರುಸಿನ ದಾರಿ. ಸರಳತೆಯನ್ನು ಊರಿಗೆ ಹೋದ ಮೇಲೆ ಶುರುಮಾಡುತ್ತೇನೆ ಎಂದುಕೊಂಡವರು ಅದರ ಹೆಚ್ಚಿನ ಲಾಭವನ್ನು ಬೆಂಗಳೂರಿನಲ್ಲೇ ಬಿಟ್ಟುಬರುತ್ತಾರೆ. ಈಗಿನ ನಿಯಮವೂ ಸಾಲಗಾರನ ಪರ. ಬದಲಾಗುವ ಬಡ್ಡಿಯ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕುಗಳು ದಂಡ ವಿಧಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ.

ಸರಳ ಬದುಕಿನ ಮೊದಲ ಖರ್ಚು

ಹಳ್ಳಿ ಅಂದರೆ ಖರ್ಚಿಲ್ಲ ಎಂಬುದು ರಜೆಗೆ ಬಂದುಹೋಗುವವರ ಲೆಕ್ಕ. ತೆಂಗಿನಕಾಯಿ, ಬಾಳೆಗೊನೆ, ಹಿತ್ತಲ ತರಕಾರಿ ಮನೆಯದ್ದೇ ಇರಬಹುದು. ಆದರೆ ಮೊದಲ ಮೂರ್ನಾಲ್ಕು ವರ್ಷ ಹಳ್ಳಿ ಕೇಳುವ ಬಂಡವಾಳ ಬೇರೆಯೇ. ಬೋರ್‌ವೆಲ್, ಪಂಪ್‌ಸೆಟ್, ಕಾಡುಹಂದಿಗೆ ಬೇಲಿ, ಒಡೆದ ಹೆಂಚು, ಕರೆಂಟು ಹೋದಾಗ ನಡೆಯುವಂತೆ ಯುಪಿಎಸ್, ಮಗುವಿನ ಶಾಲೆಗೆ ಹತ್ತಾರು ಕಿಲೋಮೀಟರ್ ಓಡಾಡಲು ಗಾಡಿ. ಹೊಸದಾಗಿ ಅಡಿಕೆ ಸಸಿ ನೆಟ್ಟರೆ ಫಲ ಕಾಣಲು ಐದಾರು ವರ್ಷವಾದರೂ ಬೇಕು. ಅಲ್ಲಿಯವರೆಗೆ ತೋಟ ಕೊಡುವುದಿಲ್ಲ, ಕೇಳುತ್ತಲೇ ಇರುತ್ತದೆ. ಈಚಿನ ವರ್ಷಗಳಲ್ಲಿ ಮಲೆನಾಡಿನಲ್ಲಿ ಹಬ್ಬಿರುವ ಎಲೆಚುಕ್ಕಿ ರೋಗ, ಫಲ ಬಿಡುತ್ತಿರುವ ತೋಟದ ಲೆಕ್ಕವನ್ನೂ ಏರುಪೇರು ಮಾಡಿದೆ.

ಆಸ್ಪತ್ರೆಯ ಮಾತೂ ಇದೆ. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಬೇಡಿಕೆ ಎಷ್ಟು ಹಳೆಯದೆಂಬುದು ಆ ಜಿಲ್ಲೆಯವರಿಗೆ ಗೊತ್ತು. ಹೃದಯದ ತೊಂದರೆ ಕಂಡರೆ ಮಣಿಪಾಲವೋ ಮಂಗಳೂರೋ ಹುಬ್ಬಳ್ಳಿಯೋ ಎಂದು ಕಾರು ಹತ್ತಬೇಕು. ಕಂಪನಿ ಕೊಟ್ಟಿದ್ದ ಆರೋಗ್ಯ ವಿಮೆ ಕೆಲಸ ಬಿಟ್ಟ ದಿನಕ್ಕೇ ಮುಗಿದಿರುತ್ತದೆ. ಸ್ವಂತ ಆರೋಗ್ಯ ವಿಮೆಯನ್ನೂ ಬಾಕಿ ಸಾಲಕ್ಕೆ ಸಾಲುವಷ್ಟು ಟರ್ಮ್ ವಿಮೆಯನ್ನೂ ಕೆಲಸದಲ್ಲಿರುವಾಗಲೇ ಮಾಡಿಸಿಡಬೇಕು.

ಕೈಯಲ್ಲಿದ್ದದ್ದೆಲ್ಲ ಬ್ಯಾಂಕಿಗೆ ಸುರಿದು ಬಂದವರು ಸಿಕ್ಕಿಬೀಳುವುದು ಇಲ್ಲೇ. ಸಾಮಾನ್ಯ ಗೃಹಸಾಲಕ್ಕೆ ಕಟ್ಟಿದ ದುಡ್ಡು ತಿರುಗಿ ಬರುವುದಿಲ್ಲ. ಬಾವಿ ಬತ್ತಿದ ಏಪ್ರಿಲ್‌ನಲ್ಲಿ ಬೋರ್‌ವೆಲ್ ತೆಗೆಸಲು ಬಂಗಾರ ಅಡವಿಡಬೇಕು, ಇಲ್ಲವೇ ಕೈಸಾಲ ಎತ್ತಬೇಕು. ಶೇ 8.5ರ ಸಾಲ ಬೇಗ ಇಳಿಸಿದ ಖುಷಿಯಲ್ಲಿ ಅದಕ್ಕಿಂತ ದುಬಾರಿ ಸಾಲ ಮಾಡಿದಂತಾಗುತ್ತದೆ. ಒಂದು ವರ್ಷದ ಮನೆಖರ್ಚು, ಒಂದು ವರ್ಷದ ಕಂತು, ಒಂದು ಮಳೆಗಾಲದ ತೋಟದ ಖರ್ಚು, ಇಷ್ಟನ್ನು ಬೇರೆ ಇಟ್ಟುಕೊಂಡ ಮೇಲಿನದ್ದೇ ಮುಂಗಡ ಪಾವತಿಗೆ ಸಲ್ಲುವ ಹಣ.

ಬಟವಾಡೆ ದುಡ್ಡು, ಕೊಯ್ಲಿನ ದುಡ್ಡು

ಹಳ್ಳಿಯ ಮನೆಗಳು ಈ ಸಮಸ್ಯೆಯನ್ನು ಹಿಂದಿನಿಂದಲೂ ತಮ್ಮದೇ ರೀತಿಯಲ್ಲಿ ಬಗೆಹರಿಸಿಕೊಂಡಿವೆ. ಡೇರಿಯ ಬಟವಾಡೆ ಆಗಾಗ ಬರುತ್ತದೆ. ದಿನಸಿ, ಕರೆಂಟು, ಶಾಲೆಯ ಆಟೊ ಅದರಲ್ಲಿ ಸಾಗುತ್ತವೆ. ಅಡಿಕೆ, ಭತ್ತ, ಕಾಫಿಯ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ. ಮದುವೆ, ಮನೆ ದುರಸ್ತಿ, ಸಾಲ ತೀರಿಸುವುದು ಅದರಲ್ಲಿ. ನಿತ್ಯದ ಆದಾಯಕ್ಕೆ ನಿತ್ಯದ ಖರ್ಚು, ವರ್ಷದ ಆದಾಯಕ್ಕೆ ವರ್ಷದ ಖರ್ಚು.

ಹಳ್ಳಿಯ ಸಾಲವೂ ಈ ಲೆಕ್ಕವನ್ನೇ ಅನುಸರಿಸಿ ಬೆಳೆದದ್ದು. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಅಲ್ಲಿಂದೀಚೆಗೆ ಊರೂರಿಗೆ ಬಂದ ಸಹಕಾರ ಸಂಘಗಳ ಬೆಳೆಸಾಲಕ್ಕೆ ತಿಂಗಳ ಕಂತಿಲ್ಲ. ಬೆಳೆ ಬಂದ ಮೇಲೆ, ಗಡುವಿನ ಒಳಗೆ, ಒಂದೇ ಸಲ ಕಟ್ಟಿದರಾಯಿತು. ಗೃಹಸಾಲ ಹುಟ್ಟಿದ್ದು ತಿಂಗಳ ಸಂಬಳದವರಿಗಾಗಿ. ಅದನ್ನು ತೋಟದ ಮನೆಗೆ ತಂದಾಗ ಹೊಂದಿಸುವ ಹೊಣೆ ನಮ್ಮದೇ.

ಹೊಂದಿಸುವ ಬಗೆ ಸರಳ. ತಿಂಗಳ ಕಂತು ತಿಂಗಳು ತಿಂಗಳು ಬರುವ ಆದಾಯದಿಂದಲೇ ಹೋಗಬೇಕು. ಅದು ಪೇಟೆಯ ಮನೆಯ ಬಾಡಿಗೆ ಇರಬಹುದು, ಹಾಲಿನ ಬಟವಾಡೆ ಇರಬಹುದು, ಮನೆಯಲ್ಲೇ ಕೂತು ಮಾಡುವ ಅರೆಕಾಲಿಕ ಕೆಲಸ ಇರಬಹುದು. ಫಸಲಿನ ದುಡ್ಡು ಕಂತಿಗಲ್ಲ, ಅಸಲಿಗೆ. ಅಡಿಕೆ ದರ ಬಿದ್ದ ವರ್ಷ ಅಸಲಿಗೆ ಏನೂ ಕಟ್ಟದಿದ್ದರೂ ಬ್ಯಾಂಕಿನ ನೋಟಿಸ್ ಬರುವುದಿಲ್ಲ. ದರ ಏರಿದ ವರ್ಷ ಎರಡು ವರ್ಷದ್ದನ್ನು ಒಟ್ಟಿಗೆ ಕಟ್ಟಬಹುದು. ತಿಂಗಳ ಆದಾಯ ಕಂತಿಗೆ ಸಾಲದೆ, ಬಾಡಿಗೆಯೂ ಕಂತಿನ ಅರ್ಧಕ್ಕೆ ಬಾರದಿದ್ದರೆ, ಫ್ಲ್ಯಾಟ್ ಮಾರಿ ಸಾಲ ಮುಗಿಸುವ ಮಾತನ್ನೂ ಮನೆಯವರೆಲ್ಲ ಕೂತು ಆಡಬೇಕು. ಊರಿಗೆ ಮರಳುವುದು ನಿಶ್ಚಯವಾದ ಮೇಲೆ ಫ್ಲ್ಯಾಟಿನ ಮೇಲಿನ ಮಮತೆಗೆ ತಿಂಗಳು ತಿಂಗಳು ಬಡ್ಡಿ ತೆರಬೇಕಿಲ್ಲ.

ಅವಧಿ ಇಳಿಸುವುದೋ, ಕಂತು ಇಳಿಸುವುದೋ?

ದೊಡ್ಡ ಮೊತ್ತ ಕಟ್ಟಿದಾಗ ಬ್ಯಾಂಕಿನವರು ಕೇಳುವ ಪ್ರಶ್ನೆ ಇದು. ಕಂತು ಹಾಗೇ ಇಟ್ಟು ಅವಧಿ ಇಳಿಸಿ, ಬಡ್ಡಿ ಹೆಚ್ಚು ಉಳಿಯುತ್ತದೆ ಎಂಬುದು ಬಹುತೇಕ ಹಣಕಾಸು ಸಲಹೆಗಾರರ ಉತ್ತರ. ಸಂಬಳದವರ ಮಟ್ಟಿಗೆ ಅದು ಸರಿ. ಊರಿಗೆ ಹೊರಟವರು ಮಾತ್ರ ಇನ್ನೊಮ್ಮೆ ಯೋಚಿಸಬೇಕು.

ಮೇಲಿನ ಸಾಲದಲ್ಲೇ ಹತ್ತು ವರ್ಷ ಕಳೆದು 21 ಲಕ್ಷ ಬಾಕಿ ಇರುವಾಗ, ಕೆಲಸ ಬಿಟ್ಟಾಗ ಬಂದ ಗ್ರಾಚ್ಯುಟಿ, ಭವಿಷ್ಯ ನಿಧಿ ಸೇರಿಸಿ 10 ಲಕ್ಷ ಕಟ್ಟಿದರು ಅಂದುಕೊಳ್ಳಿ. ಕಂತು ಹಾಗೇ ಇಟ್ಟರೆ ಉಳಿದ ಸಾಲ ನಾಲ್ಕು ವರ್ಷ ಎರಡು ಮೂರು ತಿಂಗಳಲ್ಲಿ ತೀರುತ್ತದೆ. ಅವಧಿ ಹತ್ತು ವರ್ಷವೇ ಇರಲಿ ಎಂದರೆ ಕಂತು ₹26,035ರಿಂದ ಸುಮಾರು ₹13,640ಕ್ಕೆ ಇಳಿಯುತ್ತದೆ. ಹತ್ತೂ ವರ್ಷ ಅಷ್ಟನ್ನೇ ಕಟ್ಟುತ್ತ ಹೋದರೆ ಮೂರು ಲಕ್ಷಕ್ಕೂ ಹೆಚ್ಚು ಬಡ್ಡಿ ಜಾಸ್ತಿ ಬೀಳುತ್ತದೆ, ನಿಜ.

ಆದರೆ ಅಷ್ಟನ್ನೇ ಕಟ್ಟಬೇಕೆಂದು ಕಟ್ಟಳೆ ಇಲ್ಲವಲ್ಲ? ಮುಂಗಡ ಪಾವತಿಗೆ ದಂಡವಿಲ್ಲದ ಸಾಲದಲ್ಲಿ ಕಡ್ಡಾಯದ ಕಂತು 13 ಸಾವಿರ ಚಿಲ್ಲರೆ ಇರಲಿ, ಕೈಲಾದಾಗ ಕಟ್ಟುವುದು ಎಷ್ಟಾದರೂ ಇರಲಿ. ಕಂತು ಇಳಿಸಿಕೊಂಡೂ ತಿಂಗಳಿಗೆ ಹಳೆಯ ಮೊತ್ತವನ್ನೇ ಕಟ್ಟಿದರೆ ಸಾಲ ಆ ನಾಲ್ಕು ವರ್ಷ ಚಿಲ್ಲರೆಯಲ್ಲೇ ತೀರುತ್ತದೆ, ಬಡ್ಡಿಯೂ ಅಷ್ಟೇ. ಇರುವ ವ್ಯತ್ಯಾಸವೆಂದರೆ, ಮಳೆ ಕೈಕೊಟ್ಟ ವರ್ಷ 13 ಸಾವಿರಕ್ಕೆ ಸುಸ್ತಿಯಾಗದೆ ಪಾರಾಗಬಹುದು, 26 ಸಾವಿರಕ್ಕೆ ಕಷ್ಟ. ಕಡ್ಡಾಯ ಕಡಿಮೆ, ಸ್ವಂತ ಇಚ್ಛೆಯದು ಹೆಚ್ಚು: ಹಳ್ಳಿಯ ಗೃಹಸಾಲಕ್ಕೆ ಇದಕ್ಕಿಂತ ಒಳ್ಳೆಯ ಸೂತ್ರ ಸಿಗಲಾರದು. ಒಂದು ಎಚ್ಚರಿಕೆ ಇರಲಿ. ಪ್ರತಿ ಸಲ ಹೆಚ್ಚುವರಿ ಕಟ್ಟುವಾಗ ಅವಧಿ ಇಳಿಸಬೇಕೋ ಕಂತು ಇಳಿಸಬೇಕೋ ಎಂಬುದನ್ನು ಬರಹದಲ್ಲಿ ಕೊಡಬೇಕು, ಕಟ್ಟಿದ್ದು ಅಸಲಿಗೇ ಜಮೆಯಾಗಿದೆಯೇ ಎಂದು ಸಾಲದ ಖಾತೆಯ ಪಟ್ಟಿಯಲ್ಲಿ ನೋಡಬೇಕು.

ಇದೇ ತತ್ವದ ಇನ್ನೊಂದು ರೂಪ ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲ. ಸ್ಟೇಟ್ ಬ್ಯಾಂಕಿನ ಮ್ಯಾಕ್ಸ್‌ಗೇನ್ ಇಂಥದ್ದು. ಫಸಲಿನ ದುಡ್ಡನ್ನು ಸಾಲದ ಖಾತೆಯಲ್ಲೇ ಇಟ್ಟರೆ ಅಷ್ಟರ ಮಟ್ಟಿಗೆ ಬಡ್ಡಿ ಇಳಿಯುತ್ತದೆ. ಮಳೆಗಾಲದ ಔಷಧಿ, ಕೂಲಿಗೆ ಬೇಕಾದಾಗ ಅದರಿಂದಲೇ ತೆಗೆಯಬಹುದು. ಇಂಥ ಸಾಲಕ್ಕೆ ಬಡ್ಡಿದರ ತುಸು ಹೆಚ್ಚಿರುವುದುಂಟು. ತೆಗೆಯಲು ಬರುವ ದುಡ್ಡು ತೆಗೆಯದೆ ಉಳಿಯುವುದೂ ಮನೆಯವರ ಶಿಸ್ತಿಗೆ ಬಿಟ್ಟದ್ದು.

ಯಾವ ಸಾಲ ಮೊದಲು, ಯಾವುದು ಆಮೇಲೆ

ಊರಿಗೆ ಬಂದವರ ಬಳಿ ಒಂದೇ ಸಾಲ ಇರುವುದು ಅಪರೂಪ. ಕ್ರೆಡಿಟ್ ಕಾರ್ಡ್, ಕೈಸಾಲ, ವೈಯಕ್ತಿಕ ಸಾಲ ಇದ್ದರೆ ಫಸಲಿನ ಮೊದಲ ದುಡ್ಡು ಅವಕ್ಕೆ. ಬಂಗಾರದ ಸಾಲ, ಗಾಡಿಯ ಸಾಲ ಆಮೇಲೆ. ಗೃಹಸಾಲದ ಸರದಿ ಅದರ ನಂತರ. ಸಹಕಾರ ಸಂಘದ ಶೂನ್ಯ ಬಡ್ಡಿಯ ಬೆಳೆಸಾಲವನ್ನು ಗಡುವಿಗಿಂತ ಮೊದಲೇ ತೀರಿಸಿ ಪ್ರಯೋಜನವಿಲ್ಲ. ಆದರೆ ಗಡುವು ದಾಟಿದರೆ ಬಡ್ಡಿ ರಿಯಾಯಿತಿಯೇ ಕೈತಪ್ಪುತ್ತದೆ. ಆ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು ಲೇಸು.

ತೆರಿಗೆ ಉಳಿಯುತ್ತದೆಂದು ಗೃಹಸಾಲ ಇಟ್ಟುಕೊಳ್ಳುವವರೂ ಇದ್ದಾರೆ. ಸ್ವಂತ ವಾಸದ ಮನೆಗೆ ವರ್ಷಕ್ಕೆ ಎರಡು ಲಕ್ಷದವರೆಗಿನ ಬಡ್ಡಿಯ ವಿನಾಯಿತಿ ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಕೃಷಿ ಆದಾಯಕ್ಕೆ ಹೇಗೂ ಆದಾಯ ತೆರಿಗೆ ಇಲ್ಲ. ಸಂಬಳ ನಿಂತ ಮೇಲೆ ಈ ಲೆಕ್ಕವೇ ಸವಕಲು.

ಬಡ್ಡಿದರದ ಏರಿಳಿತವನ್ನೂ ಮರೆಯುವಂತಿಲ್ಲ. 2020ರಲ್ಲಿ ಶೇ 4 ಇದ್ದ ರಿಸರ್ವ್ ಬ್ಯಾಂಕಿನ ರೆಪೊ ದರ 2023ರ ಫೆಬ್ರುವರಿಗೆ ಶೇ 6.5ಕ್ಕೆ ಏರಿತು, ಅದರೊಂದಿಗೆ ಗೃಹಸಾಲದ ಬಡ್ಡಿಯೂ. ಕಂತು ಬದಲಾಗದಿದ್ದುದರಿಂದ ಬಹಳ ಮಂದಿಗೆ ತಮ್ಮ ಸಾಲದ ಅವಧಿ ವರ್ಷಗಟ್ಟಲೆ ಉದ್ದವಾದದ್ದು ಗೊತ್ತೇ ಆಗಲಿಲ್ಲ. ದರ ಬದಲಾದಾಗ ಕಂತು ಹೆಚ್ಚಿಸುವುದೋ, ಅವಧಿ ಹೆಚ್ಚಿಸುವುದೋ, ಒಂದಷ್ಟು ಮುಂಗಡ ಕಟ್ಟುವುದೋ ಎಂಬ ಆಯ್ಕೆಯನ್ನು ಸಾಲಗಾರನಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸೂಚಿಸಿತು. 2025ರಲ್ಲಿ ದರ ಮತ್ತೆ ಇಳಿಯಿತು. ಇಳಿದದ್ದು ನಿಮ್ಮ ಖಾತೆಗೂ ತಲುಪಿದೆಯೇ ಎಂದು ವರ್ಷಕ್ಕೊಮ್ಮೆ ಬ್ಯಾಂಕಿಗೆ ಹೋಗಿ ಕೇಳಬೇಕು.

ಸಾಲ ತೀರಿದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಬ್ಯಾಂಕು ತನ್ನಲ್ಲಿಟ್ಟ ಮೂಲ ಪತ್ರಗಳನ್ನು 30 ದಿನದೊಳಗೆ ಹಿಂದಿರುಗಿಸಬೇಕು. ತನ್ನ ಕಾರಣದಿಂದ ತಡವಾದರೆ ದಿನಕ್ಕೆ ₹5,000ದಂತೆ ಬ್ಯಾಂಕೇ ಪರಿಹಾರ ಕೊಡಬೇಕು. 2023ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ನಿಯಮ ಇದು. ಪತ್ರ ಕೈಗೆ ಬಂದರೆ ಸಾಲದು, ಋಣಭಾರ ಪತ್ರದಲ್ಲಿ ಅಡಮಾನದ ನಮೂದು ತೀರುವಳಿಯಾಗಿದೆಯೇ ನೋಡಬೇಕು. ಜಮೀನಿನ ಮೇಲೆ ಸಾಲವಿದ್ದರೆ ಪಹಣಿಯ ಋಣದ ಕಾಲಂ ಖಾಲಿಯಾಗುವವರೆಗೆ ಓಡಾಡಬೇಕು. ಅಪ್ಪ ತೀರಿಸಿದ ಸಾಲ ಪಹಣಿಯಲ್ಲಿ ಉಳಿದು, ಮಕ್ಕಳು ಪಾಲು ಮಾಡಿಕೊಳ್ಳುವಾಗ ಎದ್ದು ನಿಲ್ಲುವುದು ಹೊಸದೇನಲ್ಲ.

ಹಾಗಾದರೆ ಊರಿಗೆ ಹೊರಡುವುದು ಯಾವಾಗ? ಸಾಲ ಪೂರ್ತಿ ತೀರಲಿ ಎಂದು ಕಾದವರಿಗೆ ಅಷ್ಟರಲ್ಲಿ ಮೊಣಕಾಲು ನೋವು ಬಂದಿರುತ್ತದೆ, ಧರೆ ಇಳಿದು ತೋಟಕ್ಕೆ ಹೋಗಲಾಗುವುದಿಲ್ಲ. ಸಾಲ ಎಷ್ಟಿದ್ದರೇನು ಎಂದು ಹೊರಟವರು ಎರಡನೇ ಮಳೆಗಾಲಕ್ಕೆ ಮತ್ತೆ ಕೆಲಸ ಹುಡುಕುತ್ತಾರೆ. ನೋಡಬೇಕಾದ ಅಂಕಿ ಬಾಕಿ ಸಾಲದ್ದಲ್ಲ, ತಿಂಗಳ ಕಂತಿನದು. ಅಡಿಕೆಯ ಒಂದು ಕಾಸನ್ನೂ ಮುಟ್ಟದೆ, ಊರಿನಲ್ಲಿ ತಿಂಗಳು ತಿಂಗಳು ಬರುವ ಆದಾಯದಲ್ಲಿ ಮನೆಖರ್ಚು ಕಳೆದು ಆ ಕಂತು ಹೋಗುತ್ತದೆ ಎನ್ನುವಂತಾದರೆ ರಾಜೀನಾಮೆ ಬರೆಯಬಹುದು. ಹತ್ತು ಲಕ್ಷ ಸಾಲ ಬಾಕಿ ಇದ್ದರೂ ಚಿಂತೆಯಿಲ್ಲ. ಅದನ್ನು ಬೇಗ ತೀರಿಸುವುದೋ ನಿಧಾನಕ್ಕೆ ತೀರಿಸುವುದೋ ಎಂಬುದನ್ನು ಆಯಾ ವರ್ಷದ ಫಸಲು ನೋಡಿಕೊಂಡು ನೀವೇ ತೀರ್ಮಾನಿಸಬಹುದು.