ಬರವನ್ನು ಗೆದ್ದ ದೇಹ, ನೀರಿಗೆ ಸೋತ ಮೂಳೆ

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರಕ್ಕೆ ಬರುವ ಭಕ್ತರು ಅಲ್ಲಿನ ಗಂಗೆಯ ಕೊಳದ ಮುಂದೆ ಕೈಮುಗಿದು ಹರಕೆ ಹೊರುತ್ತಾರೆ. ಮಳೆ ಅಪರೂಪವಾದ ಬಯಲುಸೀಮೆಯಲ್ಲಿ ನೀರಿನ ನೆಲೆಯೇ ದೈವದ ನೆಲೆಯಾಗಿರುವುದು ಸಹಜ. ಆದರೆ ಇದೇ ಜಿಲ್ಲೆಯ ಅನೇಕ ಗ್ರಾಮಗಳಲ್ಲಿ ಭೂಮಿಯ ಆಳದಿಂದ ಮೇಲೆತ್ತಿದ ನೀರು ಜೀವ ಉಳಿಸುತ್ತಲೇ ಮೂಳೆಯನ್ನು ಕೆಡಿಸುತ್ತ ಬಂದಿದೆ. ಇದಕ್ಕೆ ಕಾರಣ ಆ ನೀರಿನಲ್ಲಿ ಕರಗಿರುವ ಫ್ಲೋರೈಡ್.

ಜೀವಿಯು ಪರಿಸರಕ್ಕೆ ಹೊಂದಿಕೊಳ್ಳುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ತಲೆಮಾರುಗಳ ಕಾಲ ಬಿಸಿಲನ್ನೂ ಬರವನ್ನೂ ಸಹಿಸಿಕೊಂಡ ಇಲ್ಲಿನ ಜನ, ಜಾನುವಾರುಗಳ ದೇಹ ಈ ನೀರಿಗೇಕೆ ಹೊಂದಿಕೊಳ್ಳಲಿಲ್ಲ? ಹೊಂದಿಕೊಳ್ಳಲು ಯತ್ನಿಸಿತು, ಆ ಯತ್ನವೇ ರೋಗವಾಯಿತು ಎಂಬುದು ವಿಜ್ಞಾನ ಕೊಡುವ ಉತ್ತರ.

ಬಿಸಿಲಿಗೆ ಒಗ್ಗಿದ ಪರಿ

ಈ ಸೀಮೆಯ ಹೆಮ್ಮೆ ಅಮೃತಮಹಲ್ ತಳಿ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಗೆ ಮುಂದೆ ಟಿಪ್ಪು ಸುಲ್ತಾನ್ 'ಅಮೃತಮಹಲ್' ಎಂಬ ಹೆಸರಿಟ್ಟ. ಈ ರಾಸುಗಳಿಗಾಗಿ ಮೀಸಲಿಟ್ಟ ಕಾವಲುಗಳು ಚಿತ್ರದುರ್ಗ ಜಿಲ್ಲೆಯಲ್ಲೂ ಹರಡಿವೆ. ಹೊಸದುರ್ಗಕ್ಕೆ ನೆರೆಯ ಅಜ್ಜಂಪುರದಲ್ಲಿ ಇವುಗಳ ಸಂವರ್ಧನಾ ಕೇಂದ್ರವಿದೆ.

ನಮ್ಮ ನಾಡ ದನಗಳ ಚರ್ಮದಲ್ಲಿ ಬೆವರಿನ ಗ್ರಂಥಿಗಳು ಯೂರೋಪಿನ ತಳಿಗಳಿಗಿಂತ ಹೆಚ್ಚು ಒತ್ತಾಗಿವೆ. ಕೂದಲು ಗಿಡ್ಡ, ಗಂಗೆದೊಗಲು ಸಡಿಲ. ದೇಹದೊಳಗೆ ಹುಟ್ಟುವ ಶಾಖವೂ ಕಡಿಮೆ. ಒಣಮೇವಿನಲ್ಲಿ ಸಾರವಿಲ್ಲದಿದ್ದಾಗ ಮೂತ್ರದಲ್ಲಿ ಹೋಗಬೇಕಾದ ಯೂರಿಯಾವನ್ನು ದೇಹವು ಜೊಲ್ಲಿನ ಮೂಲಕ ಮತ್ತೆ ಹೊಟ್ಟೆಗೆ ಕಳಿಸಿ ಬಳಸಿಕೊಳ್ಳುತ್ತದೆ. ಇದು ಸಾವಿರಾರು ವರ್ಷಗಳ ಆಯ್ಕೆಯ ಫಲ.

ಮನುಷ್ಯನಿಗೂ ಇಂಥ ಶಕ್ತಿಯುಂಟು. ತಂಪು ನಾಡಿನವನು ಬಿಸಿಲಲ್ಲಿ ದುಡಿಯತೊಡಗಿದರೆ ಒಂದೆರಡು ವಾರಗಳಲ್ಲೇ ಅವನ ರಕ್ತದ ದ್ರವಾಂಶ ಹೆಚ್ಚುತ್ತದೆ. ಬೆವರು ಬೇಗನೆ ಮೂಡುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ತಣ್ಣನೆಯ ಊರಿಗೆ ಮರಳಿದರೆ ಈ ಬದಲಾವಣೆಯೂ ಮರಳಿ ಹೋಗುತ್ತದೆ. ಇಲ್ಲಿ ದೇಹಕ್ಕೆ ನಷ್ಟವಿಲ್ಲ.

ಆಳಕ್ಕಿಳಿದಷ್ಟೂ ಅಪಾಯ

ಫ್ಲೋರೈಡಿನ ಕಥೆ ಬೇರೆ. ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಫ್ಲೋರೈಟ್, ಅಪಟೈಟ್, ಕಪ್ಪು ಅಭ್ರಕದಂಥ ಖನಿಜಗಳಿಂದ ಅದು ನೀರಿಗೆ ಕರಗುತ್ತದೆ. ನೀರು ಬಂಡೆಯ ಬಿರುಕಿನಲ್ಲಿ ಹೆಚ್ಚು ಕಾಲ ನಿಂತಷ್ಟೂ, ಅದರಲ್ಲಿ ಸುಣ್ಣದಂಶ ಕಡಿಮೆಯಾಗಿ ಕ್ಷಾರಗುಣ ಹೆಚ್ಚಿದಷ್ಟೂ ಫ್ಲೋರೈಡ್ ಏರುತ್ತದೆ. ಕೆರೆ ಮತ್ತು ತೆರೆದ ಬಾವಿಗಳ ನೀರಿನಲ್ಲಿ ಸಾಮಾನ್ಯವಾಗಿ ಇದರ ಕಾಟ ಕಡಿಮೆ. ಅಂತರ್ಜಲ ಕುಸಿದು ಕೊಳವೆಬಾವಿಗಳು ಆಳಕ್ಕಿಳಿದಂತೆ, ಹಿಂದಿನವರು ಕುಡಿದೇ ಇರದ ಹಳೆಯ ನೀರು ಇಂದಿನವರ ಬಿಂದಿಗೆಗೆ ಬಂತು. ಹೊಂದಾಣಿಕೆ ವಂಶದಲ್ಲಿ ನೆಲೆಗೊಳ್ಳಲು ನೂರಾರು ತಲೆಮಾರು ಬೇಕು. ಈ ನೀರು ಬಂದು ಎರಡು ಮೂರು ತಲೆಮಾರೂ ಸರಿಯಾಗಿ ಕಳೆದಿಲ್ಲ.

ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹನೀಯ. ಚಿತ್ರದುರ್ಗ ಜಿಲ್ಲೆಯ ಹಲವು ಭಾಗಗಳ ಅಂತರ್ಜಲ ಈ ಮಿತಿಯನ್ನು ಮೀರಿದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲೂ ಸುಳಿವಿಲ್ಲ ಎಂಬುದೇ ಇದರ ಕಪಟ.

ಮೂಳೆಯೆಂಬ ಉಗ್ರಾಣ

ಕರುಳಿನಿಂದ ರಕ್ತಕ್ಕೆ ಸೇರಿದ ಫ್ಲೋರೈಡನ್ನು ದೇಹವು ಅಲ್ಲಿ ಹೆಚ್ಚು ಹೊತ್ತು ಇರಗೊಡುವುದಿಲ್ಲ. ಆರೋಗ್ಯವಂತ ವಯಸ್ಕರಲ್ಲಿ ಸುಮಾರು ಅರ್ಧ ಭಾಗವನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಉಳಿದುದನ್ನು ಮೂಳೆ ನುಂಗಿಕೊಳ್ಳುತ್ತದೆ. ದೇಹದಲ್ಲಿ ಸಂಗ್ರಹವಾಗುವ ಫ್ಲೋರೈಡಿನ ಶೇ. 99ರಷ್ಟು ಇರುವುದು ಮೂಳೆ ಮತ್ತು ಹಲ್ಲುಗಳಲ್ಲೇ. ಹೃದಯ, ಮಿದುಳು, ಸ್ನಾಯುಗಳನ್ನು ಕಾಯಲು ದೇಹ ಹೂಡಿದ ಉಪಾಯವಿದು. ತಾಯಿಯ ಎದೆಹಾಲಿಗೂ ಹಸುವಿನ ಕೆಚ್ಚಲಿಗೂ ಫ್ಲೋರೈಡ್ ತೀರಾ ಅಲ್ಪವಾಗಿ ಮಾತ್ರ ಇಳಿಯುತ್ತದೆ. ಅಷ್ಟರ ಮಟ್ಟಿಗೆ ದೇಹ ಮುಂದಿನ ಪೀಳಿಗೆಯನ್ನು ಕಾಯುತ್ತದೆ.

ಆದರೆ ಉಗ್ರಾಣಕ್ಕೂ ಮಿತಿಯುಂಟು. ಮೂಳೆಯ ಖನಿಜದಲ್ಲಿ ಹೈಡ್ರಾಕ್ಸಿಲ್ ಇರಬೇಕಾದ ಜಾಗವನ್ನು ಫ್ಲೋರೈಡ್ ಆಕ್ರಮಿಸಿದಂತೆ ಮೂಳೆ ದಪ್ಪವಾಗುತ್ತದೆ, ಆದರೆ ಗಟ್ಟಿಯಾಗುವುದಿಲ್ಲ. ಕೀಲುಗಳ ಸುತ್ತಲಿನ ಕಟ್ಟುಗಳೂ ಸುಣ್ಣಗಟ್ಟುತ್ತವೆ. ಹತ್ತಿಪ್ಪತ್ತು ವರ್ಷಗಳ ನಂತರ ಬೆನ್ನು ಬಿಗಿಯುತ್ತದೆ, ಕುತ್ತಿಗೆ ತಿರುಗದು. ರೋಗಿ ಹಿಂದೆ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸಲು ಕಲಿಯುತ್ತಾನೆ. ಇದೂ ಒಂದು ಹೊಂದಾಣಿಕೆಯೇ. ಮನೆಯವರು ಅದನ್ನು ವಾಯು ಎಂದೋ ವಯಸ್ಸೆಂದೋ ತಿಳಿದು ಸುಮ್ಮನಾಗುತ್ತಾರೆ. ಮೂತ್ರಪಿಂಡದ ಕಾಯಿಲೆ ಇರುವವರಲ್ಲಿ ವಿಷ ಹೊರಹೋಗುವ ದಾರಿಯೇ ಮುಚ್ಚುವುದರಿಂದ ತೊಂದರೆ ಇಮ್ಮಡಿ.

ಬೆಳೆಯುವ ಮಕ್ಕಳ ಮೂಳೆ ಇನ್ನೂ ಹೆಚ್ಚು ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತದೆ. ಶಾಶ್ವತ ಹಲ್ಲುಗಳ ಎನಾಮೆಲ್ ಬಹುತೇಕ ರೂಪುಗೊಳ್ಳುವುದು ಎಂಟನೆಯ ವಯಸ್ಸಿನೊಳಗೆ. ಆ ಅವಧಿಯಲ್ಲಿ ಕುಡಿದ ನೀರಿನ ದಾಖಲೆ ಹಳದಿ, ಕಂದು ಗೆರೆಗಳಾಗಿ ಜೀವನಪೂರ್ತಿ ಉಳಿಯುತ್ತದೆ. ಆ ಮಗು ಮುಂದೆ ಬೆಂಗಳೂರಿಗೆ ಬಂದು ಎಷ್ಟೇ ಶುದ್ಧ ನೀರು ಕುಡಿದರೂ ಆ ಗೆರೆ ಅಳಿಯದು.

ಮಾತು ಬಾರದ ರೋಗಿಗಳು

ಅದೇ ಕೊಳವೆಬಾವಿಯ ತೊಟ್ಟಿಯಲ್ಲಿ ದನವೂ ಕುಡಿಯುತ್ತದೆ, ಅದೂ ದಿನಕ್ಕೆ ಹತ್ತಾರು ಲೀಟರ್. ಹಲ್ಲು ಸವೆದು ಮೇವು ಅಗಿಯಲಾಗದೆ ಸೊರಗುವುದು, ಕಾಲಿನ ಎಲುಬುಗಳಲ್ಲಿ ಗಂಟು ಏಳುವುದು, ಕುಂಟುವುದು ಇವು ಜಾನುವಾರುಗಳಲ್ಲಿ ಕಾಣುವ ಲಕ್ಷಣಗಳು. 1783ರಲ್ಲಿ ಐಸ್‌ಲ್ಯಾಂಡಿನ ಲಾಕಿ ಜ್ವಾಲಾಮುಖಿಯ ಫ್ಲೋರೈಡ್ ಹುಲ್ಲುಗಾವಲಿನ ಮೇಲೆ ಸುರಿದಾಗ ಆ ನಾಡಿನ ಅರ್ಧಕ್ಕೂ ಹೆಚ್ಚು ಜಾನುವಾರುಗಳು ಸತ್ತವು, ಬೆನ್ನಲ್ಲೇ ಕ್ಷಾಮ ಬಂತು. ಅಲ್ಲಿ ತಿಂಗಳುಗಳಲ್ಲಿ ನಡೆದುದು ಇಲ್ಲಿ ವರ್ಷಗಳಲ್ಲಿ, ಸದ್ದಿಲ್ಲದೆ ನಡೆಯುತ್ತದೆ.

ರಕ್ಷಣೆಯೇ ಬಾಧೆಯಾಗುವುದಕ್ಕೆ ಇದೊಂದೇ ನಿದರ್ಶನವಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತವಾಸಿಗಳ ದೇಹ ಆಮ್ಲಜನಕದ ಕೊರತೆ ನೀಗಲು ಕೆಂಪು ರಕ್ತಕಣಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಕೆಲವರಲ್ಲಿ ಅದು ಅತಿಯಾಗಿ ರಕ್ತವೇ ಮಂದವಾಗುತ್ತದೆ. ಈ ದೀರ್ಘಕಾಲದ ಪರ್ವತ ರೋಗವನ್ನು ಪೆರುವಿನ ವೈದ್ಯ ಕಾರ್ಲೋಸ್ ಮಾಂಗೆ 1920ರ ದಶಕದಲ್ಲಿ ವಿವರಿಸಿದರು. ಟಿಬೆಟ್ಟಿನವರಲ್ಲಿ ರಕ್ತಕಣಗಳ ಏರಿಕೆಯನ್ನು ತಡೆಹಿಡಿಯುವ ಜೀನ್ ರೂಪ ನೆಲೆಯೂರಿದೆ. ಅವರ ಪೂರ್ವಿಕರಿಗೆ ಸಿಕ್ಕ ಸಾವಿರಾರು ವರ್ಷಗಳ ಕಾಲಾವಕಾಶ ನಮ್ಮ ಕೊಳವೆಬಾವಿಯ ಹಳ್ಳಿಗಳಿಗೆ ಸಿಕ್ಕಿಲ್ಲ.

ಮಾಡಬೇಕಾದುದೇನು?

ಮೊದಲ ಮದ್ದು ನೀರಿನ ಬದಲಾವಣೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದರ ಸಾಂದ್ರತೆ ಹೆಚ್ಚುತ್ತದೆ. ಸ್ಫಟಿಕ ಮತ್ತು ಸುಣ್ಣ ಬಳಸುವ ನಲ್ಗೊಂಡ ವಿಧಾನ, ರಿವರ್ಸ್ ಆಸ್ಮೋಸಿಸ್ ಘಟಕ, ಮಳೆನೀರಿನ ಸಂಗ್ರಹ ಇವು ಲಭ್ಯ ಮಾರ್ಗಗಳು. ಶುದ್ಧೀಕರಣ ಘಟಕದ ಪೊರೆಯನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಘಟಕವಿದ್ದೂ ಪ್ರಯೋಜನವಿಲ್ಲ. ಕುಡಿಯುವುದಕ್ಕೆ ಮಾತ್ರವಲ್ಲ, ಅಡುಗೆಗೂ ಅದೇ ನೀರು ಬೇಕು.

ಎರಡನೆಯದು ಆಹಾರ. ಕ್ಯಾಲ್ಸಿಯಂ ಕೊರತೆಯಿದ್ದಾಗ ಫ್ಲೋರೈಡಿನ ಹಾವಳಿ ಹೆಚ್ಚು. ಹಾಲು, ಸೊಪ್ಪು ಮತ್ತು ನಮ್ಮ ರಾಗಿ ಇಲ್ಲಿ ನೆರವಾಗುತ್ತವೆ. ಹುಣಿಸೆಹಣ್ಣು ತಿಂದ ಬಾಲಕರ ಮೂತ್ರದಲ್ಲಿ ಹೆಚ್ಚು ಫ್ಲೋರೈಡ್ ಹೊರಹೋದುದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು 2002ರಲ್ಲಿ ವರದಿ ಮಾಡಿದ್ದಾರೆ. ಇವು ಸಹಾಯಕಗಳೇ ಹೊರತು ಶುದ್ಧ ನೀರಿಗೆ ಬದಲಿಯಲ್ಲ.

ಮೂರನೆಯದು ಪರೀಕ್ಷೆ. ಗಲ್ಲವನ್ನು ಎದೆಗೆ ತಾಗಿಸುವುದು, ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಒಯ್ಯುವುದು, ಮಂಡಿ ಮಡಿಸದೆ ಬಾಗಿ ನೆಲದ ನಾಣ್ಯ ಎತ್ತುವುದು ಕಷ್ಟವೆನಿಸಿದರೆ ವೈದ್ಯರನ್ನು ಕಂಡು ನೀರನ್ನೂ ಪರೀಕ್ಷಿಸಬೇಕು. ಕೊಳವೆಬಾವಿ, ಟ್ಯಾಂಕರುಗಳನ್ನೇ ನಂಬಿರುವ ನಗರದ ಬಡಾವಣೆಗಳಿಗೂ ನೀರಿನ ಪರೀಕ್ಷೆ ಅನ್ವಯಿಸುತ್ತದೆ.

ಶುದ್ಧ ನೀರು ಸಿಕ್ಕ ಮೇಲೆ ಮೂಳೆ ತನ್ನಲ್ಲಿರುವ ಫ್ಲೋರೈಡನ್ನು ವರ್ಷಗಟ್ಟಲೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಆರಂಭದ ನೋವು ತಗ್ಗಬಹುದು, ಆದರೆ ಬೆಸೆದುಕೊಂಡ ಬೆನ್ನು ಮತ್ತೆ ಬಿಡುವುದಿಲ್ಲ. ಆದ್ದರಿಂದ ನದಿಯ ನೀರು ಮುಂದೊಂದು ದಿನ ಊರಿಗೆ ಬರುತ್ತದೆ ಎಂದು ಕಾಯುವಂತಿಲ್ಲ. ಇಂದು ಎಂಟು ವರ್ಷ ತುಂಬದ ಮಕ್ಕಳಿಗೆ ಆ ದಿನ ತಡವಾಗಿರುತ್ತದೆ.