ಸೀಟಿನ ಕೆಳಗಿನ ಡಬ್ಬಿ

ಮಗಳ ಬಾಣಂತನಕ್ಕೆಂದು ಬೆಂಗಳೂರಿನಿಂದ ಅಮೆರಿಕಕ್ಕೆ ಹೊರಡುವ ಅಪ್ಪ ಅಮ್ಮಂದಿರು ಚಟ್ನಿಪುಡಿಗಿಂತ, ಬಾಣಂತಿ ಲೇಹ್ಯಕ್ಕಿಂತ ಜೋಪಾನ ಮಾಡಬೇಕಾದ ವಸ್ತು ಈಗ ಮೊಬೈಲ್. ಇಳಿದುಕೊಳ್ಳುವ ಮನೆಯ ವಿಳಾಸ, ಮುಂದಿನ ವಿಮಾನದ ಬೋರ್ಡಿಂಗ್ ಪಾಸು, ಅಳಿಯನ ನಂಬರು, ಬಿಪಿ ಮಾತ್ರೆಯ ಚೀಟಿ, ಎಲ್ಲವೂ ಅದರೊಳಗೇ. ನಾವೂ ಹಾಗೇ ಹೊರಟಿದ್ದೆವು. ವಿಮಾನ ಏರಿ ಎರಡು ಗಂಟೆಯಾಗುವಷ್ಟರಲ್ಲಿ ನನ್ನಾಕೆಯ ಫೋನು 20 ಪರ್ಸೆಂಟಿಗೆ ಇಳಿಯಿತು. ಅವಳ ಸೀಟಿನ ಸಾಕೆಟ್ಟಿಗೆ ಚಾರ್ಜರ್ ಸಿಕ್ಕಿಸಿದರೆ ದೀಪವೇ ಹತ್ತಲಿಲ್ಲ. ನನ್ನ ಸೀಟಿನದರಲ್ಲಿ ಹತ್ತಿತು, ಆದರೆ ಚಾರ್ಜರ್ ತನ್ನ ಭಾರಕ್ಕೆ ತಾನೇ ಜೋತು ಕಳಚಿಬಿತ್ತು. ಗಗನಸಖಿ ಬಂದು, ‘ಸರ್, ಐದು ನಿಮಿಷ ಬಿಟ್ಟು ಮತ್ತೆ ಹಾಕಿ ನೋಡಿ’ ಎಂದರು. ಐದು ನಿಮಿಷ ಬಿಟ್ಟರೆ ಏನು ಬದಲಾದೀತು?

ಅದನ್ನು ತಿಳಿಯಲು ರೆಕ್ಕೆಯವರೆಗೂ ಹೋಗಬೇಕು. ಹಾರಾಟದಲ್ಲಿ ವಿಮಾನದ ವಿದ್ಯುತ್ತು ಮುಖ್ಯವಾಗಿ ಹುಟ್ಟುವುದು ಎಂಜಿನ್ನಿಗೆ ಜೋಡಿಸಿದ ಜನರೇಟರುಗಳಲ್ಲಿ. ಬೋಯಿಂಗ್ 777ರ ಎರಡು ಎಂಜಿನ್ನುಗಳಿಗೆ ತಲಾ ಒಂದು ಮುಖ್ಯ ಜನರೇಟರ್, ಒಂದೊಂದೂ 120 ಕೆವಿಎ. ನಮ್ಮ ಮನೆಗಳಲ್ಲಿ ಕರೆಂಟು ಹೋದಾಗ ಕೈಹಿಡಿಯುವ ಯುಪಿಎಸ್ ಸುಮಾರು 1 ಕೆವಿಎ ಎಂಬುದನ್ನು ನೆನೆಸಿಕೊಳ್ಳಿ. 787ರಲ್ಲಿ ಎಂಜಿನ್ನಿಗೆ ಎರಡರಂತೆ ನಾಲ್ಕು, ತಲಾ 250 ಕೆವಿಎ. ಬೇರೆ ವಿಮಾನಗಳಲ್ಲಿ ಸಾಮಾನ್ಯವಾಗಿ ಕ್ಯಾಬಿನ್ನಿನ ಗಾಳಿಯನ್ನು ಎಂಜಿನ್ನಿನಿಂದಲೇ ಕದಿಯುತ್ತಾರೆ. 787ರಲ್ಲಿ ಅದನ್ನೂ ಮೋಟಾರುಗಳೇ ಒತ್ತಿ ಕೊಡುವುದರಿಂದ ಅದಕ್ಕೆ ಇಷ್ಟೊಂದು ವಿದ್ಯುತ್ತಿನ ಹಸಿವು.

ಆದರೆ ಈ ವಿದ್ಯುತ್ತು ನಮ್ಮ ಮನೆಯ ವಿದ್ಯುತ್ತಲ್ಲ. ಮನೆಗೆ ಬರುವುದು ಸೆಕೆಂಡಿಗೆ 50 ಸಲ ದಿಕ್ಕು ತಿರುಗಿ ಮರಳುವ 230 ವೋಲ್ಟಿನದು. ಹಲವು ವಿಮಾನಗಳಲ್ಲಿ ಹರಿಯುವುದು 115 ವೋಲ್ಟ್, ಸೆಕೆಂಡಿಗೆ 400 ಆವರ್ತ. ಇಷ್ಟು ಅವಸರ ಯಾಕೆ? ಒಂದು ದೊಡ್ಡ ಕೊಡದಲ್ಲಿ ಒಮ್ಮೆ ಹೊರುವ ನೀರನ್ನು ಚೊಂಬಿನಲ್ಲಿ ಎಂಟು ಸಲ ಓಡಾಡಿ ತುಂಬಿಸಿದ ಹಾಗೆ ಇದು. ಆವರ್ತ ಎಂಟು ಪಟ್ಟು ಹೆಚ್ಚಿದರೆ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು ಒಂದು ಸಲಕ್ಕೆ ಹೊರಬೇಕಾದ ಕಾಂತತ್ವ ಅಷ್ಟು ಕಡಿಮೆಯಾಗುತ್ತದೆ, ತಿರುಳು ಚಿಕ್ಕದಾದರೂ ಸಾಕಾಗುತ್ತದೆ. ಹೀಗೆ ತೂಕದಲ್ಲಾಗುವ ಉಳಿತಾಯ ಆಕಾಶದಲ್ಲಿ ಇಂಧನದ ಉಳಿತಾಯ.

ಈ 400 ಆವರ್ತವನ್ನು ನಮ್ಮ ಚಾರ್ಜರಿಗೆ ನೇರ ಉಣಿಸುವಂತಿಲ್ಲ. ಅದನ್ನು 110 ವೋಲ್ಟ್, 60 ಆವರ್ತಕ್ಕೆ ಪಳಗಿಸಿ ಕೊಡುವ ಕೆಲಸ ಸೀಟಿನ ಕೆಳಗಿನ ಲೋಹದ ಡಬ್ಬಿಯದು. ಕಾಲು ಚಾಚಿದಾಗ ಮೊಣಕಾಲಿಗೋ ಪಾದಕ್ಕೋ ತಗಲಿ, ‘ಇದನ್ಯಾಕೆ ಇಲ್ಲಿಟ್ಟರಪ್ಪ’ ಎಂದು ನಾವು ಬೈದುಕೊಳ್ಳುವ ಡಬ್ಬಿ ಅದೇ. ಅಕ್ಕಪಕ್ಕದ ಎರಡು ಮೂರು ಸೀಟುಗಳಿಗೆ ಸಾಮಾನ್ಯವಾಗಿ ಒಂದೇ ಡಬ್ಬಿ. ಇಂಥ ಡಬ್ಬಿಗಳ ಸಾಲನ್ನೆಲ್ಲ ನೋಡಿಕೊಳ್ಳಲು ಒಂದು ಯಜಮಾನ ಯಂತ್ರವಿರುತ್ತದೆ. ಒಟ್ಟು ಬಳಕೆ ತನಗೆ ಹಾಕಿಕೊಟ್ಟ ಮಿತಿಯ ಹತ್ತಿರ ಬಂದರೆ ಅದು ಹೊಸಬರಿಗೆ ಬಾಗಿಲು ತೆರೆಯುವುದಿಲ್ಲ, ಆಗಲೇ ಸಿಕ್ಕಿಸಿಕೊಂಡವರನ್ನು ಎಬ್ಬಿಸುವುದೂ ಇಲ್ಲ. ಯಾರಾದರೂ ಎದ್ದರೆ ಮಾತ್ರ ಮುಂದಿನವರಿಗೆ ಜಾಗ, ಮದುವೆ ಮನೆಯ ಪಂಕ್ತಿಯಂತೆ. ಗಗನಸಖಿ ಹೇಳಿದ ಐದು ನಿಮಿಷದ ಗುಟ್ಟು ಇದು. ಯಾರೋ ಲ್ಯಾಪ್‌ಟಾಪ್ ಮುಚ್ಚಿ ಮಲಗಿದರೆಂದು ಕಾಣುತ್ತದೆ, ನನ್ನಾಕೆಯ ಸಾಕೆಟ್ಟಿನಲ್ಲಿ ಆಮೇಲೆ ಹಸಿರು ದೀಪ ಮೂಡಿತು.

ಕಳಚಿಬಿದ್ದ ಚಾರ್ಜರಿನ ಕತೆ ಬೇರೆ. ಹಲವು ದೇಶಗಳ ಪ್ಲಗ್ಗುಗಳು ಹಿಡಿಸಲಿ ಎಂದು ಈ ತೂತುಗಳನ್ನು ಸಡಿಲವಾಗಿ ಮಾಡಿರುತ್ತಾರೆ. ಜೊತೆಗೆ ಅನೇಕ ಸಾಕೆಟ್ಟುಗಳ ಒಳಗೆ ಪುಟ್ಟ ಸ್ವಿಚ್ಚುಗಳಿವೆ: ಎರಡೂ ಕಡ್ಡಿಗಳು ಒಟ್ಟಿಗೇ ಪೂರ್ತಿ ಒಳಗೆ ಬಂದರಷ್ಟೇ ವಿದ್ಯುತ್ತು. ಮಗು ಒಂದು ತೂತಿಗೆ ಹೇರ್‌ಪಿನ್ ಚುಚ್ಚಿದರೂ ಏನೂ ಆಗದಿರಲಿ ಎಂಬ ಎಚ್ಚರ. ಹಾಗಾಗಿ ಪ್ಲಗ್ಗು ಕೂದಲೆಳೆಯಷ್ಟು ಹೊರಜಾರಿದರೂ ಕರೆಂಟು ಕಟ್. ಅಡಾಪ್ಟರಿನ ಮೇಲೆ ಅಡಾಪ್ಟರು ಪೇರಿಸಿದವರಿಗೆ ರಾತ್ರಿಯಿಡೀ ಇದೇ ಪಾಡು.

ಒಂದು ಲೆಕ್ಕ ಹಾಕಿ ನೋಡಿದೆ. ಮುನ್ನೂರು ಜನ ತಲಾ 60 ವಾಟ್ ಎಳೆದರೂ 18 ಕಿಲೋವಾಟ್. 240 ಕೆವಿಎ ಹುಟ್ಟಿಸುವ ವಿಮಾನಕ್ಕೆ ಇದು ದೊಡ್ಡ ಹೊರೆಯೇನಲ್ಲ. ಮತ್ತೇಕೆ ಈ ಜಿಪುಣತನ? ಕೊರತೆ ಇರುವುದು ವಿದ್ಯುತ್ತಿನದಲ್ಲ, ಅದನ್ನು ಸೀಟಿನವರೆಗೆ ಹೊತ್ತು ತರುವ ತಂತಿಯದು ಮತ್ತು ಡಬ್ಬಿಯದು. ತಂತಿ ದಪ್ಪವಾದರೆ, ಡಬ್ಬಿ ದೊಡ್ಡದಾದರೆ ತೂಕ ಏರುತ್ತದೆ, ಬಿಸಿಯೂ ಏರುತ್ತದೆ. ಆ ತೂಕವನ್ನು ವಿಮಾನ ತನ್ನ ಆಯುಸ್ಸಿನುದ್ದಕ್ಕೂ ಇಂಧನ ಸುಟ್ಟು ಹೊರಬೇಕು.

ಪರದೆಯ ಕೆಳಗಿನ ಯುಎಸ್‌ಬಿ ತೂತು ಇನ್ನೂ ಬಡವ. ಹಳೆಯವು ಕೊಡುವುದು 5 ವೋಲ್ಟಿನಲ್ಲಿ ಅರ್ಧ ಆಂಪಿಯರ್, ಅಂದರೆ ಎರಡೂವರೆ ವಾಟ್. 5,000 ಎಂಎಎಚ್ ಫೋನು ಹಿಡಿಯುವ ಶಕ್ತಿ ಸುಮಾರು 19 ವಾಟ್-ಗಂಟೆ. ಈ ತೂತಿನಿಂದ ಅದು ತುಂಬಲು ಏನಿಲ್ಲವೆಂದರೂ ಎಂಟು ಗಂಟೆ ಬೇಕು, ಅದೂ ಸಿನಿಮಾ ನೋಡದೆ ಸುಮ್ಮನಿಟ್ಟರೆ.

ಹಾಗಿದ್ದರೆ ಪವರ್ ಬ್ಯಾಂಕ್ ಇದೆಯಲ್ಲ ಎನ್ನುತ್ತೀರಿ. ಅದರ ಮೈಮೇಲೆ ಬರೆದ ದೊಡ್ಡ ಅಂಕಿಗೆ ಮರುಳಾಗಬೇಡಿ. 20,000 ಎಂಎಎಚ್ ಎಂಬುದು ಒಳಗಿನ ಕೋಶದ 3.7 ವೋಲ್ಟಿನ ಲೆಕ್ಕ. ಗುಣಿಸಿ ಸಾವಿರದಿಂದ ಭಾಗಿಸಿದರೆ 74 ವಾಟ್-ಗಂಟೆ. ವಿಮಾನದವರು ನೋಡುವುದು ಈ ಎರಡನೆಯ ಅಂಕಿಯನ್ನು. 100 ವಾಟ್-ಗಂಟೆಯವರೆಗೆ ಕೇಳದೆ ಒಯ್ಯಬಹುದು, 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದಕ್ಕೂ ಮೇಲೆ ಇಲ್ಲವೇ ಇಲ್ಲ. ಅಂಗಡಿಯಲ್ಲಿ 27,000 ಎಂಎಎಚ್‌ಗೇ ನಿಲ್ಲುವ ಮಾದರಿಗಳು ಕಾಣುವುದು ಇದಕ್ಕೇ. ಲೆಕ್ಕ ಹಾಕಿದರೆ 99.9 ಬರುತ್ತದೆ.

100 ವಾಟ್-ಗಂಟೆ ಎಂದರೆ ಒಂದು ಲೀಟರ್ ತಣ್ಣೀರನ್ನು ಕುದಿಸುವಷ್ಟು ಶಕ್ತಿ. ಅದು ಅಂಗೈಯಗಲದ ಡಬ್ಬಿಯೊಳಗೆ, ಬೇಗ ಉರಿಯುವ ದ್ರಾವಕದಲ್ಲಿ ನೆನೆದು ಕೂತಿದೆ. ಎರಡು ಧ್ರುವಗಳ ನಡುವೆ ಇರುವುದು ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪದರ. ಬಿದ್ದು ಜಜ್ಜಿಯೋ, ತಯಾರಿಕೆಯ ದೋಷದಿಂದಲೋ ಆ ಪದರ ಹರಿದರೆ ಒಳಗೇ ಶಾರ್ಟ್ ಆಗುತ್ತದೆ. ಬಿಸಿ ರಾಸಾಯನಿಕ ಕ್ರಿಯೆಯನ್ನು ಕೆರಳಿಸುತ್ತದೆ, ಕ್ರಿಯೆ ಇನ್ನಷ್ಟು ಬಿಸಿ ಹುಟ್ಟಿಸುತ್ತದೆ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಹೊರಡಲು ನಿಂತಿದ್ದ ಏರ್‌ಬಸ್ ಎ321 ವಿಮಾನದ ಚಾವಣಿ ಸುಟ್ಟುಹೋಯಿತು. ಒಳಗಿದ್ದ 176 ಜನರೂ ಜಾರುಬಂಡಿಯಿಂದ ಇಳಿದು ಪಾರಾದರು. ತಲೆಯ ಮೇಲಿನ ಲಗೇಜು ಗೂಡಿನಲ್ಲಿದ್ದ ಪವರ್ ಬ್ಯಾಂಕಿನ ಒಳಪದರ ಕೆಟ್ಟು ಬೆಂಕಿ ಹುಟ್ಟಿರಬಹುದೆಂದು ತನಿಖೆ ಮಾಡಿದವರು ಹೇಳಿದರು. ಆ ಮಾರ್ಚಿನಿಂದ ಕೊರಿಯಾದ ವಿಮಾನಗಳಲ್ಲಿ ಅದನ್ನು ಗೂಡಿನಲ್ಲಿಡುವಂತಿಲ್ಲ. ಸಿಂಗಪುರ್ ಏರ್‌ಲೈನ್ಸ್ ಏಪ್ರಿಲ್‌ನಿಂದ, ಎಮಿರೇಟ್ಸ್ ಅಕ್ಟೋಬರ್‌ನಿಂದ ಹಾರಾಟದಲ್ಲಿ ಅದರ ಬಳಕೆಯನ್ನೇ ನಿಲ್ಲಿಸಿದವು.

ಇಷ್ಟು ಅಪಾಯದ ವಸ್ತುವನ್ನು ಜನರ ನಡುವೆಯೇ ಇಟ್ಟುಕೊಳ್ಳಿ, ಚೆಕ್-ಇನ್ ಪೆಟ್ಟಿಗೆಗೆ ಹಾಕಬೇಡಿ ಎನ್ನುವುದು ತಿಕ್ಕಲು ನಿಯಮದಂತೆ ಕಾಣುತ್ತದೆ. ಆದರೆ ಕೆಳಗಿನ ಸರಕು ಕೋಣೆಯಲ್ಲಿ ಬೆಂಕಿ ಆರಿಸುವ ಅನಿಲ ಜ್ವಾಲೆಯನ್ನು ತಗ್ಗಿಸಬಲ್ಲದೇ ಹೊರತು ಕೋಶದೊಳಗಿನ ಕುದಿತವನ್ನಲ್ಲ. ಮೇಲಾದರೆ ಹೊಗೆ ಕಂಡ ತಕ್ಷಣ ಸಿಬ್ಬಂದಿ ನೀರು ಸುರಿದು ತಣಿಸಬಹುದು.

ಇಂಥದೇ ಕೋಶವಿರುವ ಫೋನು ಸೀಟಿನ ಸಂದಿಯಲ್ಲಿ ಬಿದ್ದರೆ ಸೀಟನ್ನು ಹಿಂದಕ್ಕೂ ಮುಂದಕ್ಕೂ ಆಡಿಸಬೇಡಿ, ಲೋಹದ ತೋಳುಗಳ ನಡುವೆ ಅದು ಅಪ್ಪಚ್ಚಿಯಾಗಿ ಹೊತ್ತಿಕೊಳ್ಳಬಹುದು. ಸಿಬ್ಬಂದಿಯನ್ನು ಕರೆಯಿರಿ. ಮನೆಯಲ್ಲೇ ಪೂರ್ತಿ ಚಾರ್ಜ್ ಮಾಡಿ ಹೊರಡಿ. ವಿಮಾನ ಹತ್ತಿದೊಡನೆ ಏರೋಪ್ಲೇನ್ ಮೋಡ್ ಹಾಕಿ, ಇಲ್ಲದಿದ್ದರೆ ಸಿಗದ ಟವರನ್ನು ಹುಡುಕುತ್ತಲೇ ಫೋನು ಬಸವಳಿಯುತ್ತದೆ. ಅಳಿಯನ ನಂಬರನ್ನೂ ಮನೆಯ ವಿಳಾಸವನ್ನೂ ಮಾತ್ರ ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟಿನೊಳಗೆ ಇಟ್ಟುಕೊಳ್ಳಿ.